ಕಲ್ಲು, ದಾರ, ಗಡಿಯಾರ

ಲೋಲಕದ ಸೂತ್ರ ನಮಗೆಲ್ಲ ಬಾಯಿಪಾಠವೇ ಇತ್ತು. ಈ ಸಲ ಮೇಷ್ಟ್ರು 1 ಮೀಟರ್ ದಾರಕ್ಕೆ ಕಲ್ಲು ಕಟ್ಟಿ ಕಿಟಕಿಯ ಸರಳಿಗೆ ತೂಗುಬಿಡಿಸಿದರು. ಹತ್ತು ಸಲ ಹೋಗಿಬರಲು ಸುಮಾರು 20 ಸೆಕೆಂಡು. ಹೆಚ್ಚು ಭಾರದ ಕಲ್ಲು ಕಟ್ಟಿದೆವು, ಕಾಲ ಬದಲಾಗಲಿಲ್ಲ. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದೆವು, 10 ಸೆಕೆಂಡು! ಉದ್ದ ಕಾಲು ಭಾಗಕ್ಕೆ ಇಳಿದರೂ ಕಾಲ ಅರ್ಧಕ್ಕಷ್ಟೇ ಇಳಿಯಿತು. ಸೂತ್ರದಲ್ಲಿ ವರ್ಗಮೂಲ ಏಕಿದೆಯೆಂಬುದು ಆಗ ಹೊಳೆಯಿತು.

"ಇದರಲ್ಲೇ ಕಾಲ ಕಳೆದರೆ ಪೋರ್ಷನ್ ಮುಗಿಯುವುದು ಯಾವಾಗ?" ಎಂಬುದು ಮನೆಯವರ ಆತಂಕ. ಎಸ್ಸೆಸ್ಸೆಲ್ಸಿ ಎದುರಿಗಿರುವಾಗ ಅದು ಸಹಜವೇ. ಆದರೆ ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳಿದರೆ ಬಾಯಿಪಾಠ ಕೈಕೊಡುತ್ತದೆ. ಮಾಡಿ ನೋಡಿದ್ದು ಕೈಹಿಡಿಯುತ್ತದೆ. ಪೋಷಕರೇ, ಮುಂದಿನ ಸಭೆಯಲ್ಲಿ ಅಂಕಗಳ ಜೊತೆಗೆ ಇದನ್ನೂ ವಿಚಾರಿಸಿ: ವಾರಕ್ಕೊಂದು ಪಿರಿಯಡ್ಡಾದರೂ ಮಕ್ಕಳ ಕೈಗೆ ಕೆಲಸ ಸಿಗುತ್ತಿದೆಯೇ?