ಹಾಡಿದ್ರ ಚಪ್ಪಾಳಿ, ಮಾತಾಡಿದ್ರ ನಗಿ

ಮೊನ್ನೆ ಮೆಣಸಿನಕಾಯಿ ತೊಟ್ಟು ಬಿಡಸಕೋತ ಕುಂತಿದ್ದೆ. ಬ್ಯಾಡಗಿಯೊಳಗ ಇದ್ದಮ್ಯಾಲ ಈ ಕೆಲಸ ತಪ್ಪಿದ್ದಲ್ಲ ನೋಡ್ರಿ. ವರ್ಷದ ಖಾರಪುಡಿ ಒಮ್ಮೆಲೆ ಮಾಡಿ ಇಟ್ಟುಕೋತೀವಿ. ಬಾಜೂಕ ಮೊಬೈಲಿನ್ಯಾಗ ಹಾಡು ಹಚ್ಚಿದ್ದೆ. ಅಷ್ಟರಾಗ ಬೆಂಗಳೂರಿಂದ ಮಗಳ ಫೋನ್ ಬಂತು. "ಯವ್ವಾ, ಆಫೀಸಿನ ಫಂಕ್ಷನ್ನಿನ್ಯಾಗ ಶರೀಫಜ್ಜನ ಕೋಡಗ-ಕೋಳಿ ಪದ ಹಾಡಿದೆ. ಎಲ್ಲಾರೂ ಎದ್ದು ನಿಂತು ಚಪ್ಪಾಳಿ ಹೊಡದ್ರು" ಅಂದಳು.

ಖುಷಿ ಆತು. ಆದ್ರ ಗಂಟಲದಾಗ ಏನೋ ಸಿಕ್ಕಂಗೂ ಆತು. ಯಾಕಂದ್ರ ಹೋದ ವರ್ಷ ಇದ ಮಂದಿ ಮುಂದ ಅಕಿ "ನಾಳೆ ನಾ ಬರಂಗಿಲ್ರಿ" ಅಂದಿದ್ದಕ್ಕ ಎಲ್ಲಾರೂ ನಕ್ಕಿದ್ರಂತ. "ಇನ್ನೊಂದ್ಸಲ ಹೇಳಿ, ಸಿನಿಮಾ ಕಾಮಿಡಿ ಥರಾ ಇದೆ" ಅಂದಿದ್ರಂತ. ಅವತ್ತಿನಿಂದ ಅಕಿ "ಬರಲ್ಲ, ಹೋಗಲ್ಲ" ಅನ್ನೂದು ಕಲತಳು.

ಅದ ಬಾಯಿ, ಅದ ಭಾಷೆ. ಹಾಡಿದ್ರ ಚಪ್ಪಾಳಿ, ಮಾತಾಡಿದ್ರ ನಗಿ. ಇದ್ಯಾವ ಲೆಕ್ಕ?

ನಾನು ಪಿಯುಸಿ ಮಟ ಓದಿದಾಕಿ. ಸಂಗೀತ ಕಲತಿಲ್ಲ. ಆದ್ರ ಒಂದು ಹಾಡು ಕಿವಿಗೆ ಬಿತ್ತಂದ್ರ ಬರದವರು ಯಾರು, ಹಾಡಿದವರು ಯಾವ ಊರವರು ಅಂತ ಹುಡಕೂ ಚಟ ಐತಿ. ಹಂಗ ಸಿಕ್ಕದ್ದು ಒಂದೆರಡು ಹೇಳತೀನಿ ಕೇಳ್ರಿ.

1990ರಾಗ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಆವಾಗ ನಮ್ಮದಿನ್ನೂ ಧಾರವಾಡ ಜಿಲ್ಲಾ. ಹಾವೇರಿ ಜಿಲ್ಲಾ ಆಗಿದ್ದು 1997ರಾಗ. ತವರುಮನಿ ರಾಣೆಬೆನ್ನೂರಾಗ ಅವ್ವನ ಜೋಡಿ ಟಾಕೀಸಿಗೆ ಹೋಗಿ ನೋಡಿದ್ದೆ. ಪರದೆ ಮ್ಯಾಲ ನಮ್ಮಂಗ ಮಾತಾಡೂದು ಕೇಳಿ ಅವ್ವ ನನ್ನ ಕೈ ಹಿಡಕೊಂಡಳು. ಟಾಕೀಸಿನ್ಯಾಗ ಒಬ್ಬರೂ ನಗಲಿಲ್ಲ, ಕಣ್ಣು ಒರಿಸಿಕೊಂಡ್ರು. ನಾಗಾಭರಣ ಅವರ ಆ ಸಿನಿಮಾಕ್ಕ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿನೂ ಬಂತು. ಅದಕ್ಕ ಸಂಗೀತ ಕೊಟ್ಟ ಸಿ. ಅಶ್ವಥ್ ನಮ್ಮ ಕಡೆಯವರು ಅಂತ ನಾನು ಬಾಳ ವರ್ಷ ತಿಳಕೊಂಡಿದ್ದೆ. ಆಮ್ಯಾಲ ನೋಡಿದ್ರ ಅವರು ಹಾಸನ ಜಿಲ್ಲಾದ ಚನ್ನರಾಯಪಟ್ಟಣದವರು! ಶಿಗ್ಗಾಂವಿ ತಾಲೂಕಿನ ಶಿಶುನಾಳದಾಗ 1819ರಾಗ ಹುಟ್ಟಿದ ಶರೀಫಜ್ಜನ ಮಾತನ್ನ ಹಾಸನದವರು ಎದಿ ತುಂಬಿ ಹಾಡಿದ್ರು. ಈಗ ಮೈಸೂರಾಗ ಬೆಳದ ರಘು ದೀಕ್ಷಿತ್ ಅದ ಅಜ್ಜನ ಗುಡುಗುಡಿ ಪದಾನ ಗಿಟಾರ್ ಹಿಡಕೊಂಡು ಹಾಡ್ತಾರ. ಹುಡುಗ್ರು ಕುಣೀತಾರ. ಯಾರಿಗೂ ಅದು ಹಳ್ಳಿ ಮಾತು ಅನಸಂಗಿಲ್ಲ.

ಇನ್ನೊಂದು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯೊಳಗ ಹುಟ್ಟಿದ, ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳ ಮ್ಯಾಲ ಚಿಂದೋಡಿ ಲೀಲಾ ಅವರು ಸಿನಿಮಾ ಮಾಡಿದ್ರಲ್ಲ, ಅದಕ್ಕ 1995ರ ರಾಷ್ಟ್ರಪ್ರಶಸ್ತಿ ಎರಡು ಬಂದ್ವು. ಸಂಗೀತಕ್ಕ ಹಂಸಲೇಖ ಅವರಿಗೆ, ಹಾಡಿದ್ದಕ್ಕ ಎಸ್ಪಿಬಿ ಅವರಿಗೆ. ಎಸ್ಪಿಬಿ ಹಾಡಿ ಗೆದ್ದ ಆ ಚೀಜು ಕನ್ನಡದ್ದಲ್ಲ, ಹಿಂದೂಸ್ತಾನಿದು! ತೆಲುಗು ಮನಿಯವರು, ಕನ್ನಡ ಸಿನಿಮಾದಾಗ, ಉತ್ತರದ ಚೀಜು ಹಾಡಿದ್ರು. "ಇದು ಶುದ್ಧ ಐತೇನು?" ಅಂತ ಯಾರೂ ಕೇಳಲಿಲ್ಲ. ಹಾಡಿಗೆ ಇಷ್ಟು ದೊಡ್ಡ ಮನಸ್ಸು ಮಾಡೋ ಮಂದಿ ಮಾತಿಗ್ಯಾಕ ಮಾಡಂಗಿಲ್ಲ?

ಸಿನಿಮಾದವರ ಕಡೆನೂ ತಪ್ಪೈತಿ. ನಮ್ಮ ಮಾತು ಬಂತಂದ್ರ ಅಲ್ಲಿ ಆಳು, ಇಲ್ಲಾ ಪೈಲ್ವಾನ, ಇಲ್ಲಾ ನಗಸೂ ಮನಷ್ಯಾ. ಮಂಗಳೂರು ಕಡೆ ಕನ್ನಡಕ್ಕೂ ಇದ ಹಣೇಬರಹ ಇತ್ತು. ನಗಸೂದು ತಪ್ಪಲ್ರಿ, ನಾನೂ ಬಿದ್ದು ಬಿದ್ದು ನಗತೀನಿ. ಆದ್ರ ಬರೇ ನಗಸಾಕ ಇಟ್ಟರ ಆ ಭಾಷೆದಾಗ ಅಳೂದು, ಪ್ರೀತಿ ಮಾಡೂದು, ಲೆಕ್ಕಾ ಹಾಕೂದು ಆಗಂಗಿಲ್ಲ ಅಂತ ಮಂದಿ ತಿಳಕೋತಾರ. 1997ರ 'ನಾಗಮಂಡಲ' ನೋಡ್ರಿ. ಗಂಡ ಮನಿಗೆ ಕೀಲಿ ಜಡದು ಹೆಂಡ್ತಿನ್ನ ಒಳಗ ಬಿಟ್ಟು ಹೋಗೂ ಕತಿ. ನಮ್ಮ ಮಾತಿನ್ಯಾಗ ಅಕಿ ದುಃಖ ಕೇಳಿದ್ರ ಕರುಳು ಕಿತ್ತು ಬರತೈತಿ.

ಆದ್ರ ಬ್ಯಾರೇದವರನ್ನ ಅಷ್ಟ ಬೈದ್ರ ಹೆಂಗ? ಮಗಳು ಸಣ್ಣಾಕಿ ಇದ್ದಾಗ ಬೆಂಗಳೂರಿಂದ ಬೀಗರು ಬಂದ್ರ, "ಚಂದಾಗಿ ಮಾತಾಡು" ಅಂತ ತೊಡಿ ಚೂಟಿದಾಕಿ ನಾನ. ನಮ್ಮ ಮಾತು ಚಂದಿಲ್ಲ ಅಂತ ಅಕಿಗೆ ಮೊದಲು ಕಲಿಸಿದ್ದು ಆಫೀಸಿನವರಲ್ಲ, ಹೆತ್ತವ್ವ.

ಅದರ ಫಲ ಈಗ ಉಣ್ಣಾಕತ್ತೀನಿ. ನಮ್ಮ ಮನ್ಯಾಗ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ ಅಂತೀವಿ. ಬೆಂಗಳೂರಿನ ಮೊಮ್ಮಗನ ಬಾಯಾಗ ಅಮ್ಮ ಅಂದ್ರ ನನ್ನ ಮಗಳು. ಅಕಿನ್ನ ಅವ್ವ ಅನ್ನವರಿಲ್ಲ, ನನ್ನ ಅಮ್ಮ ಅನ್ನವರಿಲ್ಲ. ನಾ ಬರೇ "ಅಜ್ಜಿ" ಆದೆ. ಪ್ರೀತಿಲೆನ ಕರೀತಾನ, ಖರೆ. ಆದ್ರ ನಮ್ಮಮ್ಮನ್ನ ನಾ ಕರದ ಹೆಸರು ನನಗ ಸಿಗಲಿಲ್ಲ.

ನನ್ನ ಮಾತು ಇಷ್ಟ. ಆಫೀಸಿನ್ಯಾಗ, ಪ್ಯಾಟ್ಯಾಗ ಹೆಂಗ ಬೇಕೋ ಹಂಗ ಮಾತಾಡ್ರಿ, ಹೊಟ್ಟಿಪಾಡು. ಮನ್ಯಾಗ ಮಕ್ಕಳ ಜೋಡಿ ಮಾತ್ರ ನಮ್ಮ ಮಾತ ಆಡ್ರಿ. ಶರೀಫಜ್ಜನ ಪದ ಕಲಸೂಕಿಂತ ಮೊದಲು ಶರೀಫಜ್ಜ ಮಾತಾಡಿದ ಭಾಷೆ ಕಲಸ್ರಿ. ಇಲ್ಲಾಂದ್ರ ನಾಳೆ ಹುಡುಗ್ರು ಅರ್ಥ ಗೊತ್ತಿಲ್ಲದ ಹಾಡಿಗೆ ಕುಣೀತಾವು.

ಫೋನ್ ಇಡೂ ಮುಂದ ಮಗಳು ಇನ್ನೊಂದು ಹೇಳಿದಳು. ಹಾಡು ಮುಗದಮ್ಯಾಲ ಒಬ್ಬರು ಬಂದು, "ಕೋಡಗ ಅಂದ್ರೆ ಕೊಡಗಾ?" ಅಂತ ಕೇಳಿದ್ರಂತ. ಇಕಿ ಹಿಂದಮುಂದ ನೋಡದ, "ಅಲ್ರೀ, ಮಂಗ್ಯಾ!" ಅಂದಳಂತ.

"ನಕ್ಕರೇನು?" ಅಂತ ಕೇಳಿದೆ.

"ಇಲ್ಲವ್ವಾ. ಬರಕೊಂಡ್ರು."