ಕರುಳು ತೂರಿಕೆ ಮಕ್ಕಳದಷ್ಟೇ ಅಲ್ಲ

ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ತೂರಿ, ರಕ್ತನಾಳಗಳನ್ನೂ ಎಳೆದೊಯ್ದು ಸಿಲುಕಿಸುವ ಇಂಟಸಸೆಪ್ಷನ್ ಉಷ್ಣವಲಯದ ವಯಸ್ಕರಲ್ಲಿ ಕಾರಣವಿಲ್ಲದೆ ಬರುವುದರಿಂದ, ಮಕ್ಕಳಿಗೆ ಮಾಡುವಂತೆ ಗಾಳಿಯೊತ್ತಡದಿಂದ ಹಿಂದೂಡಿದರೆ ಸಾಕೆಂಬ ವಾದ ಅರ್ಧಸತ್ಯ. ಒಟ್ಟು ಪ್ರಕರಣಗಳಲ್ಲಿ ವಯಸ್ಕರದು ಸುಮಾರು ಶೇ. 5 ಮಾತ್ರವೆಂಬುದೂ, ನೈಜೀರಿಯಾದ ಇಬಾದಾನ್‌ನ ಹಳೆಯ ವರದಿಗಳಲ್ಲಿ ಗಡ್ಡೆಯಿಲ್ಲದ ಪ್ರಕರಣಗಳು ಹೆಚ್ಚಿದ್ದವೆಂಬುದೂ ನಿಜ. ಆದರೆ ಅದನ್ನೇ ಮಲೆನಾಡಿಗೂ ಅನ್ವಯಿಸುವುದು ದುಡುಕು. ವಯಸ್ಕರಲ್ಲಿ ಸಾಮಾನ್ಯವಾಗಿ ಪಾಲಿಪ್, ಲಿಪೋಮಾ ಎಂಬ ಕೊಬ್ಬಿನ ಗಂಟು ಇಲ್ಲವೇ ಕ್ಯಾನ್ಸರ್ ಈ ತೂರಿಕೆಗೆ ಮೂಲವಾಗಿರುತ್ತದೆ, ದೊಡ್ಡ ಕರುಳಿನಲ್ಲಾದರೆ ಕ್ಯಾನ್ಸರಿನ ಶಂಕೆ ಇನ್ನೂ ಬಲವಾಗುತ್ತದೆ. ಮಲೆನಾಡಿನ ಮನ್ಮನೆಯಂಥ ಊರಿನಲ್ಲಿ ಇದರಿಂದ ಬಂದು ಹೋಗುವ ಹೊಟ್ಟೆನೋವು ‘ಗ್ಯಾಸ್’ ಎನಿಸಿಕೊಂಡು ಕಷಾಯದಲ್ಲೇ ವಾರಗಳು ಕಳೆಯುವುದುಂಟು. ವಾಂತಿಯೊಡನೆ ಮರಳಿ ಮರಳಿ ಬರುವ ನೋವಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ಶಸ್ತ್ರವೈದ್ಯರನ್ನು ತಡಮಾಡದೆ ಕಾಣಬೇಕು.