ಹೆಲಿಕಾಪ್ಟರ್ ಹಿಂದಿರುಗಿದರೆ ಹಿಂದಿರುಗಲಿ: ವಯನಾಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ಕಲ್ಪೆಟ್ಟದಿಂದ ಸ್ವಲ್ಪ ದೂರದಲ್ಲಿ ಒಂದಿಷ್ಟು ಕಾಫಿ, ಮೆಣಸು ಇಟ್ಟುಕೊಂಡು ಬದುಕುವ ಕನ್ನಡದ ಮನೆಯವನು ನಾನು. ಮೈಸೂರು ಸೀಮೆಯಿಂದ ನಮ್ಮ ಹಿರಿಯರು ಇಲ್ಲಿಗೆ ಬಂದು ಎಷ್ಟೋ ತಲೆಮಾರು ಕಳೆಯಿತು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಇದೇ ಪತ್ರವನ್ನು ಮಲಯಾಳದಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಕನ್ನಡದಲ್ಲೂ ಅಚ್ಚಾಗಲಿ ಎಂದುಕೊಂಡೆ, ಏಕೆಂದರೆ ಈ ಮಂಜು ನಮಗೂ ಕೊಡಗಿನವರಿಗೂ ನೀಲಗಿರಿಯವರಿಗೂ ಒಂದೇ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಜಿಲ್ಲೆಗೆ ಹೆಲಿಕಾಪ್ಟರ್ ಆಗಲಿ, ಮುಂದೆ ಎಂದಾದರೂ ಸಣ್ಣ ವಿಮಾನವಾಗಲಿ ಬರುವ ದಿನ, ಕೆಳಗೆ ಕಾದು ನಿಂತವರು ಯಾರೂ ಪೈಲಟ್‌ಗೆ ಫೋನು ಮಾಡಿ “ಎಲ್ಲಿದ್ದೀರಿ, ಇನ್ನೆಷ್ಟು ಹೊತ್ತು” ಎಂದು ಕೇಳಬಾರದು. ಅರ್ಧ ದಾರಿಯಿಂದ ಹಿಂದಿರುಗಿದವರನ್ನು ಯಾಕೆ ಎಂದು ಕೇಳಬಾರದು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿ ನೀವು ಇದನ್ನು ಲಿಖಿತ ಆದೇಶವಾಗಿ ಹೊರಡಿಸಬೇಕು.

ಪಕ್ಕದ ಕೂನೂರಿನಲ್ಲಿ 2021ರ ಡಿಸೆಂಬರ್ 8ರಂದು ಆದದ್ದನ್ನು ನೀವು ಮರೆತಿರಲಾರಿರಿ. 11.48ಕ್ಕೆ ಸೂಲೂರಿನಿಂದ ಎದ್ದ ವಾಯುಪಡೆಯ ಎಂಐ-17ವಿ5 ಹೆಲಿಕಾಪ್ಟರ್ 12.15ಕ್ಕೆ ವೆಲ್ಲಿಂಗ್ಟನ್ನಿನಲ್ಲಿ ಇಳಿಯಬೇಕಿತ್ತು. 12.08ರ ಸುಮಾರಿಗೆ ಸಂಪರ್ಕ ಕಡಿಯಿತು. ಅಂದು ಜನರಲ್ ಬಿಪಿನ್ ರಾವತ್ ದಂಪತಿ ಸೇರಿ ಹದಿಮೂರು ಜನ ತೀರಿಕೊಂಡರು. ಹದಿನಾಲ್ಕನೆಯವರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಡಿಸೆಂಬರ್ 15ರಂದು ಕೊನೆಯುಸಿರೆಳೆದರು. ರೈಲು ಹಳಿಯ ಮೇಲೆ ನಡೆಯುತ್ತಿದ್ದ ಪ್ರವಾಸಿಗರ ಮೊಬೈಲಿನಲ್ಲಿ ಸಿಕ್ಕ ಕೆಲವೇ ಸೆಕೆಂಡುಗಳ ವಿಡಿಯೊವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೆಲಿಕಾಪ್ಟರ್ ಬಿಳಿ ಮಂಜಿನೊಳಗೆ ಹೊಕ್ಕು ಮರೆಯಾಗುತ್ತದೆ. ನಡೆಯುತ್ತಿದ್ದವರು ಸದ್ದಿನ ಕಡೆ ತಿರುಗಿ ನೋಡುತ್ತಾರೆ. ಅಷ್ಟೇ.

ಏರ್ ಮಾರ್ಷಲ್ ಮಾನವೇಂದ್ರ ಸಿಂಗ್ ನೇತೃತ್ವದ ತನಿಖೆಯ ಪ್ರಾಥಮಿಕ ವರದಿ 2022ರ ಜನವರಿಯಲ್ಲಿ ಬಂತು. ಯಂತ್ರ ಕೆಟ್ಟಿರಲಿಲ್ಲ, ವಿಧ್ವಂಸಕ ಕೃತ್ಯವಲ್ಲ, ನಿರ್ಲಕ್ಷ್ಯವೂ ಅಲ್ಲ. ಕಣಿವೆಯ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ಮೇಲೆ ಕೆಳಗಿನ ಅರಿವು ತಪ್ಪಿತು, ಸುಸ್ಥಿತಿಯಲ್ಲಿದ್ದ ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿಯಿತು ಎಂದಿತು. 2024ರ ಡಿಸೆಂಬರಿನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿ ಹೊರಬಂದಾಗ, ಅದೇ ಅಪಘಾತದ ಎದುರಿಗೆ ಕಾರಣ ಎಂಬ ಕಾಲಮಿನಲ್ಲಿ ಇದ್ದದ್ದು ಚಾಲಕ ಸಿಬ್ಬಂದಿಯ ಮಾನವ ತಪ್ಪು ಎಂದು. ನನಗೆ ಅದನ್ನು ಓದಿ ಸಂಕಟವಾಯಿತು. ಹಾರಿಸುತ್ತಿದ್ದವರು ಸೂಲೂರಿನ 109 ಹೆಲಿಕಾಪ್ಟರ್ ಯೂನಿಟ್‌ನ ಕಮಾಂಡಿಂಗ್ ಆಫೀಸರ್, ವಿಂಗ್ ಕಮಾಂಡರ್ ಪೃಥ್ವಿ ಸಿಂಗ್ ಚೌಹಾಣ್. ಎಳೆಯರಲ್ಲ, ಹೊಸಬರಲ್ಲ. ತಪ್ಪು ಎಂಬ ಒಂದು ಪದ ಬರೆದರೆ ಕಡತ ಮುಚ್ಚಬಹುದು. ಆದರೆ ಅಂಥವರಿಗೇ ಹೀಗಾಗುವುದಾದರೆ ಮಂಜಿನೊಳಗೆ ನಿಜಕ್ಕೂ ಆಗುವುದೇನು ಎಂದು ನಾವು, ನೆಲದ ಮೇಲಿರುವವರು, ತಿಳಿದುಕೊಳ್ಳಬೇಡವೇ?

ನನಗೆ ಅದು ತಿಳಿದದ್ದು ನಮ್ಮ ತಾಮರಶ್ಶೇರಿ ಘಾಟಿಯಲ್ಲಿ. ಒಂದು ಜುಲೈ ಸಂಜೆ ಅಮ್ಮನನ್ನು ಕೋಝಿಕ್ಕೋಡಿನ ಆಸ್ಪತ್ರೆಗೆ ತೋರಿಸಿ ಜೀಪಿನಲ್ಲಿ ಮೇಲೆ ಬರುತ್ತಿದ್ದೆ. ಎಂಟನೆಯ ಹೇರ್‌ಪಿನ್ ತಿರುವು ದಾಟಿದ ಮೇಲೆ ಮಂಜು ಎಷ್ಟು ದಟ್ಟವಾಯಿತೆಂದರೆ ಬಾನೆಟ್ಟಿನ ತುದಿ ಕಾಣದು. ಮುಂದೆ ಸಾಲು ನಿಂತಿತು, ನಾನೂ ನಿಂತೆ. ಬಲಗಡೆ ಒಂದು ಬಸ್ಸಿನ ಕಿಟಕಿಗಳ ಹಳದಿ ಬೆಳಕು ಮಾತ್ರ. ಆ ಬೆಳಕು ನಿಧಾನವಾಗಿ ಮುಂದಕ್ಕೆ ಸರಿಯತೊಡಗಿತು. ಬಸ್ಸು ಹೊರಟಿತು ಎಂದುಕೊಂಡೆ. ಹಿಂದಿನ ಸೀಟಿನಿಂದ ಅಮ್ಮ, “ಲೋ, ಹಿಂದಕ್ಕೆ ಹೋಗ್ತಿದೀವಿ ಕಣೋ” ಅಂದರು. “ಇಲ್ಲಮ್ಮ, ನಿಂತಿದೀನಿ” ಅಂದೆ. ಪೂರಾ ನಂಬಿಕೆಯಿಂದಲೇ ಅಂದೆ. ಹಿಂದಿನ ಟೈರು ತಡೆಗೋಡೆಯ ಕಲ್ಲಿಗೆ ತಾಗಿದಾಗ ಗೊತ್ತಾಯಿತು, ಬಸ್ಸು ನಿಂತೇ ಇತ್ತು, ಜಾರುತ್ತಿದ್ದದ್ದು ನಾವು. ಪಕ್ಕದ ಕಿಟಕಿಯಿಂದ ಅಮ್ಮನಿಗೆ ರಸ್ತೆಯಂಚಿನ ಬಿಳಿ ಕಲ್ಲು ಕಾಣುತ್ತಿತ್ತು. ನನಗೆ ಕಾಣುತ್ತಿದ್ದದ್ದು ಆ ಹಳದಿ ಬೆಳಕೊಂದೇ.

ಆಮೇಲೆ ಇದರ ಬಗ್ಗೆ ಓದಿದೆ. ನಮ್ಮ ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಆ ದ್ರವ ಹಿಂದೆ ಬಿದ್ದು, ಸೂಕ್ಷ್ಮ ರೋಮಗಳನ್ನು ಬಾಗಿಸಿ, ತಿರುಗುತ್ತಿದ್ದೀಯ ಎಂದು ಮಿದುಳಿಗೆ ಹೇಳುತ್ತದೆ. ಆದರೆ ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡು ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೇ ತಿರುಗಿ, ಕಿವಿ ಸುಮ್ಮನಾಗುತ್ತದೆ. ಆಗ ವಿಮಾನ ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಾ ಇಳಿಯುತ್ತಿದ್ದರೂ ಕೂತವರಿಗೆ ನೇರ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಸರಿಪಡಿಸಿ ನೇರ ಮಾಡಿದರೆ, ಅಂಗಳದಲ್ಲಿ ಗಿರಗಿರನೆ ಸುತ್ತಿ ನಿಂತ ಮಕ್ಕಳಿಗೆ ನೆಲ ತಿರುಗಿದ ಹಾಗೆ, ಎದುರು ದಿಕ್ಕಿಗೆ ವಾಲಿದಂತೆ ಅನ್ನಿಸುತ್ತದೆ. ಮಕ್ಕಳಿಗೆ ಕಣ್ಣು ಬಿಟ್ಟರೆ ಮನೆಯ ಕಂಬ ಕಾಣುತ್ತದೆ, ತಲೆ ಸುತ್ತು ನಿಲ್ಲುತ್ತದೆ. ಮೋಡದೊಳಗೆ ಕಂಬವಿಲ್ಲ. ಉಳಿಯುವುದು ಮುಂದಿನ ಫಲಕದ ಉಪಕರಣ. ಅದು ಹೇಳುವುದನ್ನು ನಂಬಬೇಕಾದರೆ ಇಡೀ ಮೈ ಹೇಳುತ್ತಿರುವುದನ್ನು ಸುಳ್ಳೆನ್ನಬೇಕು. ನಾನು ಅಮ್ಮನ ಮಾತನ್ನೇ ನಂಬಿರಲಿಲ್ಲ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ ಇಪ್ಪತ್ತು ಜನರಿಗೆ ಏನೂ ಕಾಣದ ಸ್ಥಿತಿಯನ್ನು ಉಂಟುಮಾಡಿ ಪರೀಕ್ಷಿಸಿದರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಅಲ್ಲ. ತರಬೇತಿ ಇದ್ದವರೂ ಪೂರ್ತಿ ಪಾರಾದವರಲ್ಲ. 2020ರ ಜನವರಿ 26ರಂದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಇದ್ದ ಹೆಲಿಕಾಪ್ಟರ್ ಕ್ಯಾಲಿಫೋರ್ನಿಯಾದ ಗುಡ್ಡಕ್ಕೆ ಬಡಿದು ಒಂಬತ್ತು ಜನ ಸತ್ತರಲ್ಲ, ಅದರ ಪೈಲಟ್ ಕೊನೆಯಲ್ಲಿ ನಿಯಂತ್ರಣ ಕೇಂದ್ರಕ್ಕೆ ಹೇಳಿದ್ದು ನಾಲ್ಕು ಸಾವಿರ ಅಡಿಗೆ ಏರುತ್ತಿದ್ದೇನೆ ಎಂದು. ಹೆಲಿಕಾಪ್ಟರ್ ಆಗ ಇಳಿಯುತ್ತಿತ್ತು. ಅದನ್ನು ಓದಿದಾಗ ನನ್ನ “ಇಲ್ಲಮ್ಮ, ನಿಂತಿದೀನಿ” ನೆನಪಾಗಿ ಮೈ ನಡುಗಿತು. ಪ್ರಯಾಣಿಕರು ತಲುಪಲೇಬೇಕು ಎಂದು ಪೈಲಟ್ ತನ್ನ ಮೇಲೆ ತಾನೇ ಹೇರಿಕೊಂಡ ಒತ್ತಡವನ್ನೂ ಅಲ್ಲಿನ ತನಿಖಾ ಮಂಡಳಿ ಕಾರಣಗಳಲ್ಲಿ ಸೇರಿಸಿತು.

ಇನ್ನು ಆ ಘಾಟಿಯ ತಲೆಯಲ್ಲಿರುವ ನಮ್ಮ ಲಕ್ಕಿಡಿ. ಪಡುವಣ ಗಾಳಿ ಕಡಲಿನಿಂದ ಬಂದು ಘಟ್ಟದ ಗೋಡೆಗೆ ತಾಗಿ ಮೇಲೇಳುತ್ತದೆ, ಅಂಚಿನಲ್ಲೇ ಮೋಡವಾಗುತ್ತದೆ. ಘಾಟಿಯ ಬುಡದ ಅಡಿವಾರದವರು ತಲೆಯೆತ್ತಿ ಮೋಡ ಎನ್ನುವುದನ್ನೇ ಲಕ್ಕಿಡಿಯ ಚಹಾ ಅಂಗಡಿಯವರು ಮಂಜು ಎನ್ನುತ್ತಾರೆ. ಕೋಝಿಕ್ಕೋಡಿನಿಂದ ಮೋಡದ ಕೆಳಗೆ ಹಾರಿ ಬರುವ ಪೈಲಟ್‌ಗೆ ಕೆಳಗಿನ ನೆಲ ಮೇಲೇರುತ್ತಾ ಬರುತ್ತದೆ, ಮೇಲಿನ ಮೋಡ ಇದ್ದಲ್ಲೇ ಇರುತ್ತದೆ. ನಡುವಿನ ಸಂದು ಕಿರಿದಾಗುತ್ತಾ ಹೋಗಿ ಘಾಟಿಯ ತಲೆಯಲ್ಲಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಬಂದು ತಿರುಗೋಣ ಎಂದರೆ ಎರಡೂ ಕಡೆ ಬೆಟ್ಟ. ತಿರುಗುವ ತೀರ್ಮಾನ ಅದಕ್ಕಿಂತ ಬಹಳ ಮೊದಲೇ, ಇನ್ನೂ ಎಲ್ಲವೂ ಚೆನ್ನಾಗಿ ಕಾಣುತ್ತಿರುವಾಗಲೇ ಆಗಬೇಕು. ಕೆಳಗೆ ಕಾಯುವವರಿಗೆ ಅದು ಪುಕ್ಕಲುತನದಂತೆ ಕಾಣಬಹುದು. ಅದು ಹಾಗಲ್ಲ ಎಂದು ಮೊದಲು ಹೇಳಬೇಕಾದವರು ನೀವು.

ಹಿಂದಿರುಗಿದ ಉದಾಹರಣೆಗಳು ನಮ್ಮಲ್ಲೇ ಇವೆ. 2018ರ ಆಗಸ್ಟ್ ಪ್ರವಾಹದಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರ ಹೆಲಿಕಾಪ್ಟರ್ ಇಡುಕ್ಕಿಯಲ್ಲಿ ಇಳಿಯಲಾಗದೆ ನೇರ ವಯನಾಡಿಗೆ ಬಂತು. 2024ರ ಜುಲೈ 30ರಂದು ಭೂಕುಸಿತದಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದ ಆ ಬೆಳಗ್ಗೆ, ಹೊರಟ ಹೆಲಿಕಾಪ್ಟರುಗಳು ಮಳೆಮೋಡದಿಂದಾಗಿ ಇಲ್ಲಿ ಇಳಿಯಲಾಗದೆ ಕೋಝಿಕ್ಕೋಡಿಗೆ ಹೋದವು. ನನ್ನ ಪರಿಚಯದವರೂ ಅಂದು ಆಕಾಶ ನೋಡಿ ಅತ್ತಿದ್ದಾರೆ, ಶಪಿಸಿದ್ದಾರೆ. ಅವರ ನೋವಿನ ಎದುರು ನಾನು ವಾದ ಮಾಡಲಾರೆ. ಸಂಜೆಯ ಹೊತ್ತಿಗೆ ವಾಯುಪಡೆಯ ಹೆಲಿಕಾಪ್ಟರ್ ಚೂರಲ್‌ಮಲದಲ್ಲಿ ಇಳಿದು ಗಾಯಾಳುಗಳನ್ನು ಎತ್ತಿಕೊಂಡು ಹೋಯಿತು ಎಂಬುದನ್ನು ಮಾತ್ರ ನೆನೆಯುತ್ತೇನೆ. ಬೆಳಗ್ಗೆ ಹಟ ಹಿಡಿದಿದ್ದರೆ ಸಂಜೆಗೆ ಅದು ಇರುತ್ತಿತ್ತೋ ಇಲ್ಲವೋ. ಮರುದಿನ ರಾಹುಲ್ ಗಾಂಧಿ, ಪ್ರಿಯಾಂಕಾ ಗಾಂಧಿ ಅವರ ಭೇಟಿಯೂ ಹವಾಮಾನದಿಂದಾಗಿ ಮುಂದಕ್ಕೆ ಹೋಯಿತು. ನಮ್ಮ ಕೈ ಹಿಡಿದದ್ದು ನೆಲದ ದಾರಿ: ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಆಗಸ್ಟ್ 1ಕ್ಕೆ ಮುಗಿಸಿದ 190 ಅಡಿಯ ಬೈಲಿ ಸೇತುವೆ.

ಆದ್ದರಿಂದ ನನ್ನ ಎರಡನೆಯ ಬೇಡಿಕೆ. ರೋಗಿಗೋ ಗಾಯಾಳುವಿಗೋ ಹೆಲಿಕಾಪ್ಟರ್ ಕೇಳಿದ ಗಳಿಗೆಯಲ್ಲೇ ಆಂಬುಲೆನ್ಸ್ ಕೂಡ ರಸ್ತೆಯಲ್ಲಿ ಹೊರಟಿರಬೇಕು, ಘಾಟಿಯಲ್ಲಿ ಪೊಲೀಸರು ಅದಕ್ಕೆ ದಾರಿ ಬಿಡಿಸಿರಬೇಕು. 2025ರ ಆಗಸ್ಟಿನಲ್ಲಿ ಲಕ್ಕಿಡಿ ವ್ಯೂ ಪಾಯಿಂಟ್ ಹತ್ತಿರ ಗುಡ್ಡ ಜರಿದು ದಾರಿ ಮುಚ್ಚಿದ್ದು ಗೊತ್ತೇ ಇದೆ. ಹಾಗಾದ ದಿನ ಕುಟ್ಟ್ಯಾಡಿ ದಾರಿಯೋ ಮೈಸೂರು ದಾರಿಯೋ ಎಂದು ಮೊದಲೇ ತೀರ್ಮಾನವಾಗಿರಲಿ. ಒಬ್ಬರ ಪ್ರಾಣ ನನ್ನೊಬ್ಬನ ಕೈಯಲ್ಲಿದೆ ಎಂದುಕೊಂಡ ಪೈಲಟ್ ಮಂಜಿನೊಳಗೂ ನುಗ್ಗುತ್ತಾನೆ. ಆ ಭಾರವನ್ನು ಅವನ ಹೆಗಲಿನಿಂದ ಇಳಿಸಬಲ್ಲವರು ನೀವು. ಅಮೆರಿಕದ ಎಷ್ಟೋ ಏರ್ ಆಂಬುಲೆನ್ಸ್‌ಗಳಲ್ಲಿ ಹವಾಮಾನ ನೋಡಿ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಪೈಲಟ್ ಹೇಳುವ ತನಕ ರೋಗಿ ಯಾರು, ಏನಾಗಿದೆ ಎಂದು ಅವನಿಗೆ ತಿಳಿಸುವುದಿಲ್ಲ. ಮಗು ಎಂದು ಗೊತ್ತಾದರೆ ಯಾರ ಮನಸ್ಸು ತಡೆದೀತು? ಹೊರಡಲು ಎಲ್ಲರೂ ಒಪ್ಪಬೇಕು, ಬೇಡ ಎನ್ನಲು ಒಬ್ಬರು ಸಾಕು ಎಂಬುದೂ ಅಲ್ಲಿನ ರೂಢಿ. ಇಲ್ಲೂ ಅದು ಬರಲಿ.

ಮೂರನೆಯದು, ಕಣ್ಣು. ರಾಜ್ಯ ಸರ್ಕಾರ 2024ರ ಕೊನೆಯಲ್ಲಿ ಹೆಲಿ ಟೂರಿಸಂ ನೀತಿಗೆ ಒಪ್ಪಿಗೆ ಕೊಟ್ಟಿದೆ. ಇನ್ನು ಮುಂದೆ ಮಧುಚಂದ್ರಕ್ಕೆ ಬರುವವರನ್ನೂ ಹೊತ್ತು ಹೆಲಿಕಾಪ್ಟರ್ ಈ ಘಟ್ಟ ಏರಬಹುದು. ಕೇದಾರನಾಥದ ದಾರಿಯಲ್ಲಿ 2025ರ ಜೂನ್ 15ರಂದು ಗೌರೀಕುಂಡದ ಹತ್ತಿರ ಬಿದ್ದ ಹೆಲಿಕಾಪ್ಟರಿನಲ್ಲಿ ಸತ್ತ ಏಳು ಜನರಲ್ಲಿ ಒಂದು ಪುಟ್ಟ ಮಗುವೂ ಇತ್ತು. ಅಲ್ಲೂ ಮೋಡ ಕವಿದಿತ್ತು. ಮೊದಲ ಪ್ರವಾಸಿ ಹೆಲಿಕಾಪ್ಟರ್ ಬರುವ ಮೊದಲೇ ಲಕ್ಕಿಡಿಯಲ್ಲಿ, ಕುಟ್ಟ್ಯಾಡಿ ಘಾಟಿಯ ತಲೆಯಲ್ಲಿ, ಪೇರಿಯದಲ್ಲಿ ಒಂದೊಂದು ಕ್ಯಾಮೆರಾ, ಮೋಡ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಒಂದೊಂದು ಉಪಕರಣ ಇಡಿಸಿ. ಪೈಲಟ್ ಹೊರಡುವ ಮೊದಲು ಫೋನಿನಲ್ಲೇ ನೋಡಿಕೊಳ್ಳಲಿ.

ಅದು ಬರುವ ತನಕ ಜನ ಇದ್ದಾರೆ. ಕಲ್ಪೆಟ್ಟದ ಹ್ಯೂಮ್ ಕೇಂದ್ರದವರು ಜಿಲ್ಲೆಯಾದ್ಯಂತ ಸುಮಾರು ಇನ್ನೂರು ಕಡೆ ಮಳೆ ಅಳೆಯುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. 2024ರ ಭೂಕುಸಿತದ ಆ ರಾತ್ರಿಗೆ ಮುಂಚೆ ಎಚ್ಚರಿಕೆ ಕೊಟ್ಟವರೂ ಅವರೇ. ಮಳೆ ಬರೆಯುವ ಅದೇ ಕೈಗಳು ಇನ್ನೊಂದು ಸಾಲು ಬರೆಯಲಿ: ಎದುರಿನ ಬೆಟ್ಟ ಕಾಣುತ್ತಿದೆಯೇ, ಇಲ್ಲವೇ. ನೀವು ಕೇಳಿದರೆ ಸಾಕು, ನಾಳೆಯಿಂದಲೇ ಬರೆಯುವವರಿದ್ದಾರೆ. ನಾನಂತೂ ಶುರು ಮಾಡಿದ್ದೇನೆ. ನನ್ನ ಕಣದಲ್ಲಿ ನಿಂತರೆ ಚೆಂಬ್ರ ನೇರ ಎದುರಿಗಿದೆ. ಇಂದು ಬೆಳಗ್ಗೆ ಎಂಟೂವರೆಗೆ ಕಾಣಲಿಲ್ಲ. ಹತ್ತಕ್ಕೂ ಇಲ್ಲ. ಹನ್ನೊಂದಕ್ಕೆ ಅರ್ಧ ಬೆಟ್ಟ ಕಂಡಿತು, ಹನ್ನೊಂದೂಕಾಲಕ್ಕೆ ಮತ್ತೆ ಮುಚ್ಚಿತು.

ಇಂತಿ,
ಕಲ್ಪೆಟ್ಟ ಸಮೀಪದ ಒಬ್ಬ ಕಾಫಿ ಬೆಳೆಗಾರ